ಪೀಸ್ ಏರಿತು, ಆಲ್ಟರೇಶನ್ನೂ ಏರಿತು

ಪ್ರಶ್ನೆ: ನಮ್ಮದು 30 ಟೈಲರ್‌ಗಳ ಒಂದೇ ಲೈನಿನ ಶರ್ಟ್ ಯೂನಿಟ್. ಟಾರ್ಗೆಟ್ ದಾಟಿದ ಪ್ರತಿ ಪೀಸಿಗೂ ಆಯಾ ಟೈಲರ್‌ಗೆ ಇನ್ಸೆಂಟಿವ್ ಕೊಡಲು ಶುರುಮಾಡಿದೆವು. ಮೊದಲ ತಿಂಗಳು ಪ್ರೊಡಕ್ಷನ್ ಏರಿತು. ಈಗ ಆಲ್ಟರೇಶನ್ (ಹೊಲಿಗೆ ತಪ್ಪಿ ಮತ್ತೆ ಸರಿಪಡಿಸಬೇಕಾದ ಪೀಸ್) ರಾಶಿ ಬೀಳುತ್ತಿದೆ, ಸುಲಭದ ಬಂಡಲ್‌ಗೆ ಜಗಳ, ಕಾಲರ್‌ಗೆ ಕೂರಲು ಯಾರೂ ಒಪ್ಪುತ್ತಿಲ್ಲ. ನಿಲ್ಲಿಸಿಬಿಡೋಣವೇ?
– ಓದುಗರೊಬ್ಬರು, ಬೊಮ್ಮನಹಳ್ಳಿ

ಉತ್ತರ: ನಿಲ್ಲಿಸಬೇಡಿ, ಎಣಿಕೆ ಬದಲಿಸಿ. ಹೊಲಿದ ಪೀಸಿಗೆ ದುಡ್ಡು ಎಂದಿರಿ, ಅವರು ಹೊಲಿದು ಹಾಕುತ್ತಿದ್ದಾರೆ. ಲೈನಿನ ಕೊನೆಯ ಎಂಡ್‌ಲೈನ್ ಚೆಕಿಂಗ್‌ನಲ್ಲಿ ಮೊದಲ ಸಲಕ್ಕೇ ಪಾಸಾದ ಪೀಸನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಆಲ್ಟರೇಶನ್ ಬಂದದ್ದು ಬಂಡಲ್ ಟಿಕೆಟ್ (ಯಾರು ಹೊಲಿದರೆಂದು ತಿಳಿಸುವ ಚೀಟಿ) ನೋಡಿ ಹೊಲಿದವರ ಕೈಗೇ ಮರಳಲಿ. ಅದಕ್ಕೆ ಇನ್ಸೆಂಟಿವ್ ಬೇಡ. ಆದರೆ ಸಂಬಳದಲ್ಲಿ ಮುರಿದುಕೊಳ್ಳಲೇಬೇಡಿ.

ಅಮೆರಿಕದ ಸೇಫ್‌ಲೈಟ್ ಕಂಪನಿಯಲ್ಲಿ ಕಾರಿನ ಗಾಜು ಕೂರಿಸುವವರಿಗೆ ಗಂಟೆ ಲೆಕ್ಕ ಬಿಟ್ಟು ಪೀಸ್ ರೇಟ್ ಕೊಟ್ಟಾಗ ಉತ್ಪಾದಕತೆ ಶೇ 44ರಷ್ಟು ಏರಿತ್ತು. ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲೇಝಿಯರ್ 2000ದಲ್ಲಿ ಪ್ರಕಟಿಸಿದ ಅಧ್ಯಯನವದು. ಅಲ್ಲಿ ಒಂದು ಗಾಜಿನ ಕೆಲಸ ಪೂರ್ತಿ ಒಬ್ಬರದೇ. ನಿಮ್ಮಲ್ಲಿ ಶರ್ಟ್ ಹೊಲಿಯುವುದು ಲೈನು. ಕಾಲರ್ ಗಂಟೆಗೆ 60 ಬಂದರೆ, ಕಫ್‌ನವರು ಎಷ್ಟೇ ಓಡಿಸಿದರೂ ಹೊರಬೀಳುವುದು 60 ಶರ್ಟೇ. ಹಾಗಾಗಿ ಇನ್ಸೆಂಟಿವ್ ಲೈನಿಗೆ ಬರಲಿ, ಹೆಲ್ಪರ್‌ಗಳನ್ನೂ ಸೇರಿಸಿ ಹಂಚಿ. ಕಾಲರ್ ಬಲ್ಲವರಿಗೆ ತಿಂಗಳ ಸಂಬಳದಲ್ಲೇ ಮೇಲಿನ ಗ್ರೇಡ್ ಕೊಡಿ. ಆಗ ಆ ಮೆಷಿನ್‌ಗೆ ಜನ ತಾವಾಗಿ ಬರುತ್ತಾರೆ.

ಟಾರ್ಗೆಟ್ ಲೆಕ್ಕ ಎಲ್ಲರಿಗೂ ಕಾಣುವಂತೆ ಬೋರ್ಡಿನ ಮೇಲಿರಲಿ. ಶರ್ಟಿನ ಎಸ್‌ಎಎಂ, ಅಂದರೆ ಒಂದು ಶರ್ಟ್ ಹೊಲಿಯಲು ನಿಗದಿಯಾದ ಸಮಯ, 20 ನಿಮಿಷ ಎನ್ನಿ. 30 ಜನ, ದಿನಕ್ಕೆ ತಲಾ 480 ನಿಮಿಷ: 14,400 ನಿಮಿಷಕ್ಕೆ ನೂರಕ್ಕೆ ನೂರು ಎಫಿಶಿಯೆನ್ಸಿಯಲ್ಲಿ 720 ಪೀಸ್, ಶೇ 60ರಲ್ಲಿ 432. ಟಾರ್ಗೆಟ್ ಶೇ 60 ಎಂದಿಟ್ಟರೆ ಇನ್ಸೆಂಟಿವ್ 433ರಿಂದ. ಫೀಡಿಂಗ್ (ಲೈನಿಗೆ ಬರುವ ಕಟಿಂಗ್ ಮಾಲು) ಇಲ್ಲದೆ, ಮೆಷಿನ್ ಕೆಟ್ಟು, ಕರೆಂಟ್ ಹೋಗಿ ಸುಮ್ಮನೆ ಕೂತ ನಿಮಿಷಗಳನ್ನು 480ರಲ್ಲಿ ಕಳೆಯಿರಿ, ಅದು ಟೈಲರ್‌ಗಳ ತಪ್ಪಲ್ಲ. ಹೊಸ ಸ್ಟೈಲ್ ಹತ್ತಿದ ಮೊದಲ ಮೂರ್ನಾಲ್ಕು ದಿನ ಟಾರ್ಗೆಟ್ ಇಳಿಸಿ. ಹಣ ವಾರ ವಾರ ಕೊಡಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇವೆ: ಟಾರ್ಗೆಟ್ ಮುಟ್ಟಿದರೆಂದು ಮರುದಿನವೇ ಅದನ್ನು ಏರಿಸಬೇಡಿ. ಇಂದು ಜೋರಾಗಿ ಹೊಲಿದರೆ ನಾಳೆ ಹೊರೆ ಹೆಚ್ಚುತ್ತದೆ ಎಂದು ಗೊತ್ತಾದರೆ ಯಾರೇ ಆದರೂ ಕೈ ಬಿಗಿಹಿಡಿಯುತ್ತಾರೆ. ಹಾಗೆ ಮಾಡುವುದು ಅವರ ಮಟ್ಟಿಗೆ ಸರಿಯೂ ಹೌದು. ಎಸ್‌ಎಎಂ ಬದಲಾಗುವುದು ಸ್ಟೈಲ್ ಅಥವಾ ಮೆಷಿನ್ ಬದಲಾದಾಗ ಮಾತ್ರ.

ಪ್ರಶ್ನೆ: ಇನ್ಸೆಂಟಿವ್ ಕೊಡುತ್ತಿರುವಾಗ ವರ್ಷದ ಬೋನಸ್ ಕೈಬಿಡಬಹುದೇ?
– ಓದುಗರೊಬ್ಬರು, ಪೀಣ್ಯ

ಉತ್ತರ: ಇಲ್ಲ. ಕಾನೂನಿನ ಬೋನಸ್ ವರ್ಷದ ವೇತನದ ಕನಿಷ್ಠ ಶೇ 8.33, ವಾರದ ಇನ್ಸೆಂಟಿವ್ ಅದರ ಜಾಗಕ್ಕೆ ಬರುವುದಿಲ್ಲ.