ಬೇಗ ಆಪರೇಷನ್ ಆಗಬೇಕಾದರೆ ಇಲ್ಲಿ ಯಾರನ್ನು ಹಿಡಿಯಬೇಕು?

ತಮ್ಮಾ, ನಿನ್ನ ಪತ್ರ ಓದಿದೆ. ಹೆಂಡತಿಗೆ ಪಿತ್ತಕೋಶದಲ್ಲಿ ಕಲ್ಲು, ಇಂಗ್ಲೆಂಡಿನ ಆಸ್ಪತ್ರೆಯವರು ತಿಂಗಳುಗಟ್ಟಲೆ ಕಾಯಿರಿ ಅಂದಿದ್ದಾರೆ. ಸಿರ್ಸಿಯಲ್ಲಿದ್ದರೆ ಗುರುತಿನವರನ್ನು ಹಿಡಿದು ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಿ ವಾರದೊಳಗೆ ಮುಗಿಸುತ್ತಿದ್ದೆ, ಇಲ್ಲಿ ಯಾರನ್ನು ಹಿಡಿಯಬೇಕು ಅಂತ ಕೇಳಿದ್ದೀಯ.

ಇಲ್ಲಿ ವಶೀಲಿ ನಡೆಯುವುದಿಲ್ಲ. ಆದರೆ ಬಾಯಿಬಿಟ್ಟು ಕೇಳಿದವರಿಗೆ ದಾರಿ ಇದೆ. ನಮ್ಮ ಕಡೆಯವರು ಸಂಕೋಚಪಟ್ಟು ಸುಮ್ನೆ ಕೂತುಬಿಡುತ್ತಾರೆ, ಅದು ನನಗೆ ತುಂಬಾ ಬೇಜಾರು.

ಇಂಗ್ಲೆಂಡಿನಲ್ಲಿ ಜಿಪಿ, ಅಂದರೆ ನಮ್ಮ ಫ್ಯಾಮಿಲಿ ಡಾಕ್ಟರ್, ನಮ್ಮನ್ನು ತಜ್ಞರ ಹತ್ತಿರ ಕಳಿಸುವಾಗ ಯಾವ ಆಸ್ಪತ್ರೆ ಅಂತ ಆರಿಸುವ ಹಕ್ಕು ನಮ್ಮದು. ಎನ್‌ಎಚ್‌ಎಸ್ (ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ) ಪರವಾಗಿ ಕೆಲಸ ಮಾಡುವ ಪ್ರೈವೇಟ್ ಆಸ್ಪತ್ರೆಗಳೂ ಇವೆ, ಅಲ್ಲೂ ನಾವು ದುಡ್ಡು ಕೊಡಬೇಕಿಲ್ಲ. ದೂರದ ಆಸ್ಪತ್ರೆಯಲ್ಲಿ ಸರದಿ ಬೇಗ ಬರುವುದಾದರೆ, ಘಟ್ಟ ಇಳಿದು ಮಣಿಪಾಲಕ್ಕೆ ಹೋಗಿಬರುವ ನಮಗೆ ಎರಡು ತಾಸಿನ ರೈಲು ಯಾವ ಲೆಕ್ಕ? ಲಿಸ್ಟಿನಲ್ಲಿ ಹೆಸರು ಆಗಲೇ ಇದ್ದರೂ ಕೈಚೆಲ್ಲಬೇಡ. ಜಿಪಿ ಕಳಿಸಿ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನುವುದು ಇಲ್ಲಿಯ ನಿಯಮ. ಅದು ದಾಟಿದರೆ ಬೇರೆ ಆಸ್ಪತ್ರೆ ಕೊಡಿ ಅಂತ ಕೇಳಬಹುದು.

ಸರ್ಜನ್ ಅವರ ಸೆಕ್ರೆಟರಿಗೂ ಫೋನ್ ಮಾಡು. ಯಾರಾದರೂ ಕ್ಯಾನ್ಸಲ್ ಮಾಡಿದರೆ ಹಿಂದಿನ ದಿನ ಹೇಳಿದರೂ ಬರುತ್ತೇವೆ ಅಂತ ಬರೆಸಿಡು. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ರಜೆ ಹೇಗೆ ಅಂತ ಮೊದಲೇ ತಯಾರಿ ಇರಲಿ.

ಎಲ್ಲಕ್ಕಿಂತ ಮುಖ್ಯ, ನೋವು ಮುಚ್ಚಿಡಬೇಡಿ. ನಮ್ಮ ಹೆಣ್ಣುಮಕ್ಕಳು ಡಾಕ್ಟರ್ ಕೇಳಿದರೆ "ಈಗ ಅಡ್ಡಿಲ್ಲ" ಅಂದುಬಿಡುತ್ತಾರೆ. ಡಾಕ್ಟರ್ ಅದನ್ನೇ ಬರೆದುಕೊಳ್ಳುತ್ತಾರೆ, ಅಲ್ವಾ? ರಾತ್ರಿ ಎಷ್ಟು ಹೊತ್ತಿಗೆ ನೋವು ಬಂತು, ಏನು ತಿಂದಿದ್ದಳು, ಬಲಗಡೆ ಪಕ್ಕೆಯ ಕೆಳಗಿಂದ ಭುಜಕ್ಕೆ ಹೋಯಿತಾ, ವಾಂತಿ ಆಯಿತಾ, ಎಷ್ಟು ದಿನ ಕೆಲಸಕ್ಕೆ ಹೋಗಲಾಗಲಿಲ್ಲ, ಎಲ್ಲ ಒಂದು ಹಾಳೆಯಲ್ಲಿ ಬರೆದಿಡು. ಮೊದಲಿಗಿಂತ ಜಾಸ್ತಿಯಾಗಿದ್ದರೆ ಅದನ್ನು ಜಿಪಿಗೆ ತೋರಿಸಿ, ಆಪರೇಷನ್ ಬೇಗ ಮಾಡಿ ಅಂತ ಸರ್ಜನ್‌ಗೆ ಪತ್ರ ಬರೆಯಲು ಕೇಳು. ಇದು ಬೇರೆಯವರ ಸರದಿ ಕಸಿದ ಹಾಗಲ್ಲ. ಅವಳ ನಿಜವಾದ ಸ್ಥಿತಿ ಅವರಿಗೆ ಗೊತ್ತಾಗಬೇಕು, ಅಷ್ಟೇ. ಇಂಗ್ಲಿಷಿನಲ್ಲಿ ಹೇಳಲು ಅವಳಿಗೆ ಕಷ್ಟವಾದರೆ ಕನ್ನಡದ ದುಭಾಷಿ ಬೇಕು ಅನ್ನು, ಅದಕ್ಕೂ ದುಡ್ಡು ಕೊಡಬೇಕಿಲ್ಲ.

ಊರಿಗೆ ಹೋಗಿ ಮಾಡಿಸುವುದೂ ತಪ್ಪಲ್ಲ. ಅಮ್ಮನ ಕೈ ಊಟ, ಆರೈಕೆ ಸಿಗುತ್ತದೆ. ಆದರೆ ಟಿಕೆಟ್ ತೆಗೆಯುವ ಮುಂಚೆ ಇಷ್ಟು ದೂರ ಪ್ರಯಾಣ ಮಾಡಬಹುದಾ ಅಂತ ಡಾಕ್ಟರನ್ನು ಕೇಳಿಯೇ ಹೊರಡು.

ಕಣ್ಣು ಹಳದಿಯಾದರೆ, ಚಳಿಜ್ವರ ಬಂದರೆ, ನೋವು ತಾಸುಗಟ್ಟಲೆ ಇಳಿಯದಿದ್ದರೆ ಈ ಲಿಸ್ಟು, ಫೋನು ಯಾವುದೂ ಬೇಡ. ಅವತ್ತೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗು.