ಅಪ್ಪನಿಗೆ ಹೇಳಬೇಕಾ? ಲ್ಯಾಂಕಾಶೈರ್‌ನ ಒಂದು ಪ್ರಕರಣ

ಹೆಸರು, ಊರು, ಕೆಲಸ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಸಲಹೆ ಕೇಳಿ ನನ್ನ ಹತ್ತಿರ ಬಂದ ಈ ಗಂಡಸನ್ನು ಡಿ ಅನ್ನೋಣ. ಹುಟ್ಟಿದ್ದು 1973ರಲ್ಲಿ, ಉತ್ತರ ಇಂಗ್ಲೆಂಡಿನ ಒಂದು ಹತ್ತಿ ಗಿರಣಿ ಊರಿನಲ್ಲಿ. ಅಪ್ಪ ಗಿರಣಿ ಮುಚ್ಚುವ ತನಕ ಅಲ್ಲೇ ದುಡಿದವರು. ಡಿ ಈಗ ಮ್ಯಾಂಚೆಸ್ಟರ್‌ನಲ್ಲಿ ಬಸ್ ಓಡಿಸುತ್ತಾರೆ, ಸಂಗಾತಿಯ ಜೊತೆ ಬಹಳ ವರ್ಷಗಳಿಂದ ಸಂಸಾರ ಮಾಡಿಕೊಂಡಿದ್ದಾರೆ. ಅಪ್ಪನ ಲೆಕ್ಕದಲ್ಲಿ ಮಾತ್ರ ಆತ ಬಾಡಿಗೆ ಹಂಚಿಕೊಂಡಿರುವ ಗೆಳೆಯ.

ಅಪ್ಪನಿಗೆ ಶ್ವಾಸಕೋಶದ ಕಾಯಿಲೆ ಜಾಸ್ತಿಯಾದ ಮೇಲೆ ಡಿ ಪದೇಪದೇ ಊರಿಗೆ ಹೋಗಬೇಕಾಯಿತು. ಒಂದು ರಾತ್ರಿ ಸಂಗಾತಿ ಕೇಳಿದರಂತೆ, "ನಿಮ್ಮಪ್ಪ ಹೋದ ದಿನ ನಾನು ಎಲ್ಲಿ ನಿಲ್ಲಲಿ?" ಅಲ್ಲಿಂದ ನಿದ್ದೆ ಕೆಟ್ಟು ನನ್ನ ಹತ್ತಿರ ಬಂದರು.

ಇಂಗ್ಲೆಂಡ್ ಅಂದ್ರೆ ಇದೆಲ್ಲ ಸಲೀಸು ಅಂದುಕೊಳ್ಳುವವರು ನಮ್ಮಲ್ಲಿ ಜಾಸ್ತಿ. ಡಿಗೆ 15 ವರ್ಷವಾದಾಗ, 1988ರಲ್ಲಿ, ಸೆಕ್ಷನ್ 28 ಬಂತು. ಶಾಲೆಗಳನ್ನೂ ನಡೆಸುತ್ತಿದ್ದ ಸ್ಥಳೀಯ ಆಡಳಿತಗಳು ಸಲಿಂಗ ಪ್ರೇಮಕ್ಕೆ 'ಪ್ರೋತ್ಸಾಹ' ಕೊಡಬಾರದು ಎಂಬ ಕಾನೂನು. ಅದರಡಿ ಯಾವ ಮೇಷ್ಟರಿಗೂ ಶಿಕ್ಷೆ ಆಗಲಿಲ್ಲ, ಆದರೂ ಹೆದರಿ ಬಾಯಿ ಮುಚ್ಚಿಕೊಂಡರು. ಶಾಲೆಯ ಅಂಗಳದಲ್ಲಿ ಹುಡುಗರು ಬೈದಾಗ ತಡೆಯುವವರೇ ಇಲ್ಲ. ಇಂಗ್ಲೆಂಡಿನಲ್ಲಿ ಅದು ರದ್ದಾಗಿದ್ದು 2003ರಲ್ಲಿ. 19ನೇ ವಯಸ್ಸಿನಲ್ಲಿ ಡಿಗೆ ಮೊದಲ ಪ್ರೀತಿ, ಆಗ ಗಂಡಸರಿಬ್ಬರ ಸಂಬಂಧಕ್ಕೆ 21 ತುಂಬಿರಬೇಕಿತ್ತು, ಅಂದರೆ ಕಾನೂನಿನ ಕಣ್ಣಲ್ಲಿ ಅದು ಅಪರಾಧ. ಹಾಗಾಗಿ ಅವರ ಭಯವನ್ನು ಸುಮ್ನೆ ಮನಸ್ಸಿನ ಭ್ರಮೆ ಅನ್ನುವ ಹಾಗಿಲ್ಲ.

"ನಮ್ಮದು ಕೂಲಿಕಾರರ ಊರು, ಇಂಥದ್ದೆಲ್ಲ ಅಲ್ಲಿ ನಡೆಯಲ್ಲ" ಎಂದರು ಡಿ. ಈ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಲ್ಲಿದ್ದಲು ಮಂಡಳಿಯ ನೌಕರ ಅಲನ್ ಹಾರ್ಸ್‌ಫಾಲ್ 1964ರಲ್ಲಿ, ಗಂಡಸರಿಬ್ಬರ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ಕಾನೂನು ಬದಲಾಗಲಿ ಎಂದು ಸಮಿತಿ ಕಟ್ಟಿದ್ದು ಅದೇ ಲ್ಯಾಂಕಾಶೈರ್‌ನಲ್ಲಿ. ಗಣಿ ಊರಾದ ಆದರ್ಟನ್‌ನ ತಮ್ಮ ಮನೆ ವಿಳಾಸವನ್ನೇ ಕರಪತ್ರದಲ್ಲಿ ಹಾಕಿದ್ದರು! ಆದರೆ ಇತಿಹಾಸ ಹೇಳಿ ಯಾರಿಗೂ ಧೈರ್ಯ ತುಂಬಲು ಆಗುವುದಿಲ್ಲ. ಹಾಗಾಗಿ ಅಪ್ಪ ನಿಜಕ್ಕೂ ಏನೇನು ಅಂದಿದ್ದಾರೆ, ನೆನಪಿರುವಷ್ಟು ಬರೆದುಕೊಂಡು ಬನ್ನಿ ಎಂದೆ.

ಬಂದದ್ದು ಅರ್ಧ ಹಾಳೆ. ಟಿವಿ ನೋಡುತ್ತಾ ಆಡಿದ ಒಂದೆರಡು ಹಗುರ ಮಾತು, 1987ರಲ್ಲಿ ಸರ್ಕಾರ ಮನೆಮನೆಗೆ ಕಳಿಸಿದ ಏಡ್ಸ್ ಕರಪತ್ರವನ್ನು ಓದದೆ ಒಲೆಗೆ ಹಾಕಿದ್ದು. ಉಳಿದ ಬೈಗುಳವೆಲ್ಲ ಶಾಲೆಯದು. ಇಷ್ಟು ವರ್ಷ ಅದನ್ನು ಅಪ್ಪನ ಬಾಯಲ್ಲಿ ಇಟ್ಟು ಕೇಳಿಸಿಕೊಂಡಿದ್ದರು. ಅಪ್ಪ ಒಪ್ಪಿಯೇ ಒಪ್ಪುತ್ತಾರೆ ಎಂದು ಇದರರ್ಥ ಅಲ್ಲ, ಅದನ್ನೂ ಹೇಳಿದೆ.

ನನ್ನ ಸಲಹೆ ಇಷ್ಟು. ಹೇಳಲೇಬೇಕು ಎಂಬ ಕಡ್ಡಾಯವಿಲ್ಲ, ಆದರೆ ಸಂಗಾತಿ ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು, ಅವೆರಡು ಬೇರೆ. ಮೊದಲು ಅಕ್ಕನ ಹತ್ತಿರ ಮಾತಾಡಿ, ಅಂತ್ಯಕ್ರಿಯೆಯಲ್ಲಿ ಆತ ನಿಮ್ಮ ಪಕ್ಕದಲ್ಲೇ ನಿಲ್ಲುತ್ತಾರೆ ಎಂದು ಈಗಲೇ ತಿಳಿಸಿ. ಅಪ್ಪನಿಗೆ ಹೇಳುವುದಾದರೆ ಉಸಿರು ಚೆನ್ನಾಗಿರುವ ದಿನ ನೋಡಿ, ಒಂದೇ ವಾಕ್ಯದಲ್ಲಿ, ಕ್ಷಮೆ ಕೇಳುವ ದನಿ ಬೇಡ. ಮಾತು ಕೆಟ್ಟರೆ ವಾದ ಮಾಡದೆ ಎದ್ದು ಬನ್ನಿ, ಮರುದಿನ ಔಷಧಿಯ ಹೊತ್ತಿಗೆ ಎಂದಿನಂತೆ ಹೋಗಿ.

ಅಕ್ಕನಿಗೆ ಹೇಳಿದ್ದಾರೆ. ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ಅವರು ಸಿಟ್ಟಾದರು, ಆದರೆ ಒಪ್ಪಿದರು. ಅಪ್ಪನಿಗೆ ಇನ್ನೂ ಹೇಳಿಲ್ಲ, ನಾನೂ ಅವಸರ ಮಾಡುತ್ತಿಲ್ಲ. ಮುಂದಿನ ಭೇಟಿಗೆ ಸಂಗಾತಿಯೂ ಬರುತ್ತಿದ್ದಾರೆ.