ಬರಹಗಾರರಿಗೆ ಸಲಹೆ: ಡೆಲ್ ಟೊರೊ ಭವಿಷ್ಯ ಬರೆಯುವ ಮುನ್ನ

ಪ್ರಿಯ ಲೇಖಕರೇ,

‘ನಾಳೆಯ ಪೊಗಾಚರ್’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಮೆಕ್ಸಿಕೊದ ಇಸಾಕ್ ಡೆಲ್ ಟೊರೊ ರಸ್ತೆ ಸೈಕ್ಲಿಂಗ್‌ನಲ್ಲಿ ಎಷ್ಟು ಎತ್ತರಕ್ಕೆ ಹೋಗಬಹುದು, ಟೂರ್ ಡಿ ಫ್ರಾನ್ಸ್ ಹಲವು ಸಲ ಗೆದ್ದ ಪೊಗಾಚರ್ ಮಟ್ಟ ಮುಟ್ಟಬಹುದೇ ಎಂಬುದು ನಿಮ್ಮ ವಿಷಯ. 2025ರ ಋತು ಮುಗಿದಲ್ಲಿಗೆ ಬಂದು ನಿಲ್ಲಿಸಿದ್ದೀರಿ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಈ ಆಟವನ್ನು ನೀವು ಬೆಳಗಿನಿಂದ ಸಂಜೆಯವರೆಗೆ ಕೂತು ನೋಡುವವರು ಎಂಬುದು ಸಾಲುಸಾಲಿನಲ್ಲೂ ಗೊತ್ತಾಗುತ್ತದೆ. ಕನ್ನಡದಲ್ಲಿ ಅಂಥವರು ಕಡಿಮೆ. ಆದ್ದರಿಂದ ಎಲ್ಲಿ ಎಡವಿದ್ದೀರಿ ಎಂಬುದನ್ನು ಬಿಡಿಸಿ ಹೇಳುತ್ತೇವೆ.

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂದು ಶುರು ಮಾಡಿದ್ದೀರಿ. ಅದಕ್ಕೆ ಸಾಕ್ಷಿಯಾಗಿ 2023ರಲ್ಲಿ ಡೆಲ್ ಟೊರೊ ಟೂರ್ ದ ಲಾವೆನೀರ್ ಗೆದ್ದದ್ದನ್ನು ಕೊಟ್ಟಿದ್ದೀರಿ. 23ರ ಒಳಗಿನವರಿಗೆ ಅದೇ ಅತಿ ದೊಡ್ಡ ಓಟ ಎಂಬುದು ನಿಜ. ಆದರೆ ಆ ಓಟವನ್ನು ಗೆದ್ದವರ ಸಾಲನ್ನೊಮ್ಮೆ ನೋಡಿ. 2010ರಲ್ಲಿ ಗೆದ್ದ ನೈರೊ ಕಿಂತಾನಾ ಮುಂದೆ ಇಟಲಿಯ ಜಿರೊ, ಸ್ಪೇನ್‌ನ ವುವೆಲ್ಟಾ ಎಂಬ ಮೂರು ವಾರದ ಓಟಗಳೆರಡನ್ನೂ ಗೆದ್ದರು. 2013ರ ರೂಬೆನ್ ಫರ್ನಾಂಡಿಸ್‌ಗೆ 2016ರ ವುವೆಲ್ಟಾದಲ್ಲಿ ಒಂದು ದಿನ, ಒಟ್ಟು ಸಮಯದಲ್ಲಿ ಮೊದಲಿರುವವರು ತೊಡುವ ಕೆಂಪು ಜರ್ಸಿ ಸಿಕ್ಕಿತು, ಉಳಿದಂತೆ ಬೇರೆಯವರಿಗಾಗಿ ದುಡಿದದ್ದೇ ಹೆಚ್ಚು. 2017ರಲ್ಲಿ ಗೆದ್ದ ಎಗಾನ್ ಬೆರ್ನಾಲ್ ಎರಡೇ ವರ್ಷದಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದರು. 2018ರಲ್ಲಿ ಪೊಗಾಚರ್. 2019ರ ತೋಬಿಯಾಸ್ ಫಾಸ್ ಬೆಟ್ಟ ಹತ್ತುವವರ ಸಾಲಿಗೆ ಸೇರದೆ 2022ರಲ್ಲಿ ಟೈಮ್ ಟ್ರಯಲ್‌ನಲ್ಲಿ, ಅಂದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಓಟದಲ್ಲಿ, ವಿಶ್ವ ಚಾಂಪಿಯನ್ ಆದರು. ಇನ್ನು 2015ರಲ್ಲಿ ಗೆದ್ದ ಮಾರ್ಕ್ ಸೊಲೆರ್ ಅವರನ್ನು ನೀವು ಬಿಡುವಂತೆಯೇ ಇಲ್ಲ. ಅದೇ ಓಟ ಗೆದ್ದು, 2018ರಲ್ಲಿ ಪ್ಯಾರಿಸ್–ನೀಸ್ ಕೂಡ ಗೆದ್ದ ಅವರು ಡೆಲ್ ಟೊರೊ ಇರುವ ಯುಎಇ ತಂಡದಲ್ಲೇ ಪೊಗಾಚರ್ ಮುಂದೆ ಗಾಳಿ ಸೀಳುವ ಕೆಲಸ ಮಾಡುತ್ತಿದ್ದಾರೆ. ಮೊಳಕೆ ಒಂದೇ, ಪೈರು ಆರು ಬಗೆ. ಗಾದೆಯನ್ನು ತೆಗೆದು, ಈ ಸಾಲನ್ನೇ ಮೊದಲ ಪ್ಯಾರಾ ಮಾಡಿ. ಇವರೆಲ್ಲ ಯಾಕೆ ಬೇರೆಬೇರೆಯಾದರು ಎಂಬ ಪ್ರಶ್ನೆ ಓದುಗರನ್ನು ತಾನೇ ಒಳಗೆ ಕರೆದುಕೊಳ್ಳುತ್ತದೆ.

ಆಮೇಲಿನ ಮುಕ್ಕಾಲು ಪುಟ ಬರೀ ಜಯಗಳ ಪಟ್ಟಿ. ಮಿಲಾನೊ–ತೊರಿನೊ, ಆಸ್ಟ್ರಿಯಾ ಟೂರ್, ಬುರ್ಗೋಸ್, ಎಮಿಲಿಯಾ, ಪಿಯೆಮೊಂತೆ. ಎಲ್ಲವೂ ಸರಿ. ಆದರೆ ಎಲ್ಲವನ್ನೂ ಒಂದೇ ತೂಕದಲ್ಲಿ ಇಟ್ಟಿದ್ದೀರಿ. ಒಂದು ದಿನದ ಓಟ, ಐದು ದಿನದ ಓಟ, 21 ದಿನದ ಓಟ ಮೂರೂ ಬೇರೆಬೇರೆ ಪರೀಕ್ಷೆ. ತಂಡಗಳು ಎಳೆಯರನ್ನು ಇಂಥ ಓಟಗಳಿಗೆ ಕಳಿಸುವುದಕ್ಕೆ ಇನ್ನೊಂದು ಕಾರಣವೂ ಇದೆ: ಮೇಲಿನ ದರ್ಜೆಯ 18 ತಂಡಗಳ ಪರವಾನಗಿ ನಿರ್ಧಾರವಾಗುವುದರಲ್ಲಿ ಮೂರು ವರ್ಷ ಕೂಡಿಸಿದ ಅಂಕಗಳ ಪಾಲು ದೊಡ್ಡದು. ವರ್ಷಕ್ಕೆ ಪ್ರತಿ ತಂಡದ ಮೊದಲ 20 ಸವಾರರ ಅಂಕ ಲೆಕ್ಕಕ್ಕೆ ಬರುತ್ತದೆ. ಆಗಸ್ಟ್‌ನ ಒಂದು ಜಯ ಸವಾರನ ಶಕ್ತಿಯಷ್ಟೇ ತಂಡದ ಅಗತ್ಯವನ್ನೂ ಹೇಳುತ್ತಿರಬಹುದು. ಮುಕ್ಕಾಲು ಪುಟವನ್ನು ನಾಲ್ಕು ಸಾಲಿಗೆ ಇಳಿಸಿ.

ಉಳಿದ ಜಾಗವೆಲ್ಲ 2025ರ ಜಿರೊಗೆ ಬೇಕು. ನೀವು ಅದಕ್ಕೆ ಕೊಟ್ಟಿರುವುದು ಒಂದು ವಾಕ್ಯ: ‘ಕಡೆಯ ಬೆಟ್ಟದಲ್ಲಿ ದಣಿದು ಗುಲಾಬಿ ಜರ್ಸಿ ಕಳೆದುಕೊಂಡರು.’ ಜಿರೊದಲ್ಲಿ ಒಟ್ಟು ಸಮಯದಲ್ಲಿ ಮೊದಲಿರುವವರು ತೊಡುವುದೇ ಗುಲಾಬಿ ಜರ್ಸಿ. ಈ ವಾಕ್ಯ ತಪ್ಪು, ಇಡೀ ಲೇಖನ ಸೋರಿಹೋಗಿರುವುದೂ ಇಲ್ಲಿಂದಲೇ.

ಆ ದಿನವನ್ನು ಮತ್ತೆ ನೋಡಿ. 20ನೇ ಹಂತ, ಅಂದರೆ 20ನೇ ದಿನದ ಓಟ, ವೆರೆಸ್‌ನಿಂದ ಸೆಸ್ತ್ರಿಯೆರೆಗೆ 205 ಕಿ.ಮೀ. ನಡುವೆ ಕೊಲ್ಲೆ ದೆಲ್ಲೆ ಫಿನೆಸ್ತ್ರೆ: 18.5 ಕಿ.ಮೀ. ಏರು, ಸರಾಸರಿ ಶೇ 9ಕ್ಕೂ ಹೆಚ್ಚು ಕಡಿದು, ಮೇಲಿನ ಎಂಟು ಕಿ.ಮೀ. ಡಾಂಬರಿಲ್ಲದ ಜಲ್ಲಿ ದಾರಿ. ನಮ್ಮ ಓದುಗರಿಗೆ ಅಳತೆ ಸಿಗಬೇಕಾದರೆ ನಂದಿ ಬೆಟ್ಟದ ರಸ್ತೆಯನ್ನು ನೆನಪಿಸಿ. ಅದು ಎಂಟು ಕಿ.ಮೀ. ಆಸುಪಾಸು, ಫಿನೆಸ್ತ್ರೆ ಅದರ ಎರಡು ಪಟ್ಟಿಗೂ ಉದ್ದ, ಕಡಿದೂ ಹೆಚ್ಚು. ಜಲ್ಲಿಯ ಮೇಲೆ ಎದ್ದು ನಿಂತು ತುಳಿದರೆ ಹಿಂದಿನ ಚಕ್ರದ ಮೇಲಿನ ಭಾರ ಮುಂದಕ್ಕೆ ಸರಿದು ಟೈರು ಹಿಡಿತ ತಪ್ಪಿ ಜಾರುತ್ತದೆ. ಹಾಗಾಗಿ ಸವಾರರು ಸೀಟು ಬಿಡದೆ, ಹಗುರ ಗೇರಿನಲ್ಲಿ, ಒಂದೇ ಸಮನೆ ತುಳಿಯಬೇಕು. ಅಂಥ ಕಡೆ ಒಮ್ಮೆ ಅಂತರ ಬಿಟ್ಟರೆ ಒಂದೇ ನೆಗೆತಕ್ಕೆ ಮುಚ್ಚಲು ಆಗುವುದಿಲ್ಲ.

ಬೆಳಿಗ್ಗೆ ಹೊರಟಾಗ ಡೆಲ್ ಟೊರೊ ಮೊದಲು, ರಿಚರ್ಡ್ ಕರಪಾಸ್ 43 ಸೆಕೆಂಡ್ ಹಿಂದೆ, ಸೈಮನ್ ಯೇಟ್ಸ್ 1 ನಿಮಿಷ 21 ಸೆಕೆಂಡ್ ಹಿಂದೆ. ಏರಿನ ಕೆಳಭಾಗದಲ್ಲಿ ಕರಪಾಸ್ ಮತ್ತೆಮತ್ತೆ ಏಕಾಏಕಿ ವೇಗ ಹೆಚ್ಚಿಸಿ ಮುಂದೆ ಹಾರಿದರು, ಡೆಲ್ ಟೊರೊ ಪ್ರತಿ ಸಲವೂ ಹಿಂದೆಯೇ ಅಂಟಿಕೊಂಡರು. ಆಮೇಲೆ ಯೇಟ್ಸ್ ಹೋದರು. ಆಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮುಂದೆ ನಿಂತು ಗಾಳಿ ಸೀಳಿ ಎಳೆದರೆ ಕರಪಾಸ್ ತನ್ನ ಬೆನ್ನಿನ ಮರೆಯಲ್ಲಿ ಸುಧಾರಿಸಿಕೊಂಡು ಕೊನೆಗೆ ಹೊಡೆಯುತ್ತಾರೆ ಎಂಬ ಭಯ ಡೆಲ್ ಟೊರೊಗೆ. ಎಳೆದರೆ ಜರ್ಸಿಯವನನ್ನು ತಾನೇ ಗುರಿ ಮುಟ್ಟಿಸಿದಂತೆ ಎಂಬ ಲೆಕ್ಕ ಕರಪಾಸ್‌ಗೆ. ಹತ್ತಿರದ ಶತ್ರುವನ್ನು ಕಾಯುತ್ತ ಕಾಯುತ್ತ ದೂರದವನಿಗೆ ದಾರಿ ಬಿಟ್ಟರು. ಯೇಟ್ಸ್ ತಂಡದ ವೌಟ್ ವಾನ್ ಆರ್ಟ್ ಬೆಳಗಿನ ಗುಂಪಿನಲ್ಲಿ ಮೊದಲೇ ಮುಂದೆ ಹೋಗಿದ್ದರು. ಬೆಟ್ಟ ದಾಟಿದ ಮೇಲೆ ಕಣಿವೆಯಲ್ಲಿ ನಾಯಕ ಸಿಕ್ಕಾಗ ಗಾಳಿಗೆ ಮರೆಯಾಗಿ ಎಳೆಯಲೆಂದೇ ಅವರನ್ನು ಕಳಿಸಿದ್ದು. ಗುರಿ ಮುಟ್ಟುವ ಹೊತ್ತಿಗೆ ಅಂತರ ಐದು ನಿಮಿಷ ದಾಟಿತು. ಒಟ್ಟು ಲೆಕ್ಕದಲ್ಲಿ ಯೇಟ್ಸ್ ಮೊದಲು, ಡೆಲ್ ಟೊರೊ 3 ನಿಮಿಷ 56 ಸೆಕೆಂಡ್ ಹಿಂದೆ ಎರಡನೆಯವರು.

ಇದರಲ್ಲಿ ದಣಿವು ಎಲ್ಲಿದೆ? ದಣಿದವರು ಕರಪಾಸ್ ಹಾರಿದಾಗಲೇ ಬಿದ್ದುಹೋಗುತ್ತಿದ್ದರು. ದಣಿವು ನೋಡಬೇಕಾದರೆ ನಾಲ್ಕು ದಿನ ಹಿಂದಕ್ಕೆ, 16ನೇ ಹಂತದ ಸಾನ್ ವಲೆಂತಿನೊ ಏರಿಗೆ ಹೋಗಿ. ಅಲ್ಲಿ ಕರಪಾಸ್ ಹೊರಟಾಗ ಡೆಲ್ ಟೊರೊ ಹಿಂಬಾಲಿಸಲಾಗದೆ ಉಳಿದರು, ಮುನ್ನಡೆ 26 ಸೆಕೆಂಡಿಗೆ ಇಳಿಯಿತು. ಮಾರನೇ ದಿನವೇ ಬೋರ್ಮಿಯೊದಲ್ಲಿ ಹಂತ ಗೆದ್ದರು. ಅಂದರೆ 16ನೇ ದಿನ ಸೋತದ್ದು ಕಾಲು, 20ನೇ ದಿನ ಸೋತದ್ದು ಲೆಕ್ಕ. ಭವಿಷ್ಯದ ಬಗ್ಗೆ ಬರೆಯುವವರಿಗೆ ಈ ಎರಡರ ವ್ಯತ್ಯಾಸಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ. ಲೆಕ್ಕ ತಪ್ಪಿದವರನ್ನು ತಿದ್ದಬಹುದು: ರೇಡಿಯೊದಲ್ಲಿ ಸ್ಪಷ್ಟ ಆದೇಶ, ಏರಿನ ಮೇಲ್ಭಾಗದವರೆಗೆ ಉಳಿಯುವ ಒಬ್ಬ ಜೊತೆಗಾರ, ಮುಂದಿನ ಗುಂಪಿನಲ್ಲಿ ತಮ್ಮವನೊಬ್ಬ. ಮೂರನೇ ವಾರದಲ್ಲಿ ಕಾಲು ಕೈಕೊಡುವುದನ್ನು ಸರಿಪಡಿಸಲು ವರ್ಷಗಳು ಬೇಕು, ಕೆಲವರಿಗೆ ಅದು ಎಂದೂ ಸರಿಹೋಗುವುದಿಲ್ಲ. ನಮ್ಮ ಅಭಿಪ್ರಾಯ ಕೇಳಿದರೆ, 21ರ ವಯಸ್ಸಿಗೆ ಸಾನ್ ವಲೆಂತಿನೊ ಮರುದಿನವೇ ಗೆದ್ದದ್ದು ಇಡೀ ಋತುವಿನ ಅತ್ಯಂತ ಭರವಸೆಯ ದಿನ. ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ.

ಟೈಮ್ ಟ್ರಯಲ್ ಬಗ್ಗೆ ‘ಇನ್ನೂ ಸುಧಾರಿಸಬೇಕು’ ಎಂದಷ್ಟೇ ಬರೆದಿದ್ದೀರಿ. ಎಷ್ಟು ಎಂದು ಹೇಳಿ. ಲೂಕಾದಿಂದ ಪೀಸಾಗೆ 28.6 ಕಿ.ಮೀ. ಒಂಟಿ ಓಟದ ಮುನ್ನ ತನ್ನದೇ ತಂಡದ ಹುವಾನ್ ಅಯೂಸೊ ಮೇಲೆ 1 ನಿಮಿಷ 13 ಸೆಕೆಂಡ್ ಮುನ್ನಡೆ ಇತ್ತು, ಮುಗಿದ ಮೇಲೆ 25 ಸೆಕೆಂಡ್. 48 ಸೆಕೆಂಡನ್ನು 28.6ರಿಂದ ಭಾಗಿಸಿದರೆ ಕಿಲೋಮೀಟರಿಗೆ 1.7 ಸೆಕೆಂಡ್ ನಷ್ಟ. 40 ಕಿ.ಮೀ. ಟೈಮ್ ಟ್ರಯಲ್ ಇರುವ ಓಟದಲ್ಲಿ ಇದೇ ವೇಗಕ್ಕೆ ಒಂದು ನಿಮಿಷಕ್ಕೂ ಹೆಚ್ಚು ಹೋಗುತ್ತದೆ. ಒಂದೇ ದಿನದ ಲೆಕ್ಕವನ್ನು ಜಗ್ಗಿ ಹಿಗ್ಗಿಸಬಾರದು ಎಂಬ ಎಚ್ಚರವನ್ನೂ ಸೇರಿಸಿ. ಆದರೂ ಓದುಗರ ಕೈಗೆ ಹಿಡಿಯಲು ಏನೋ ಒಂದು ಸಿಗುತ್ತದೆ.

ವಾಟ್‌ಗಳ, ಅಂದರೆ ತುಳಿತದ ಶಕ್ತಿಯ ಅಳತೆಯ, ಪ್ಯಾರಾ ಬಗ್ಗೆ ಎರಡು ಮಾತು. ‘ಕೆ.ಜಿ.ಗೆ ಇಷ್ಟು ವಾಟ್, ಆದ್ದರಿಂದ ಟೂರ್ ಗೆಲ್ಲುತ್ತಾರೆ’ ಎಂದು ಬರೆದಿದ್ದೀರಿ. ಆ ಅಂಕಿ ಸವಾರನ ಪವರ್ ಮೀಟರಿನದಲ್ಲ, ಟಿವಿ ಗಡಿಯಾರ ನೋಡಿ ಯಾರೋ ಅಂದಾಜು ಕಟ್ಟಿದ್ದು. ಶೇ 9ರ ಏರಿನಲ್ಲಿ ಅಂದಾಜು ಸುಮಾರಾಗಿ ನಂಬಬಹುದು, ಯಾಕೆಂದರೆ ಅಲ್ಲಿ ಶಕ್ತಿಯ ಹತ್ತರಲ್ಲಿ ಎಂಟೊಂಬತ್ತು ಪಾಲು ಭಾರ ಎತ್ತುವುದಕ್ಕೇ ಹೋಗುತ್ತದೆ. ಶೇ 4ರ ಏರಿನಲ್ಲಿ ವೇಗ ಹೆಚ್ಚು, ಕಾಲು ಭಾಗದಷ್ಟು ಶಕ್ತಿಯನ್ನು ಗಾಳಿಯೇ ತಿನ್ನುತ್ತದೆ. ಸವಾರ ಮುಂದಿದ್ದನೋ ಇನ್ನೊಬ್ಬನ ಮರೆಯಲ್ಲಿದ್ದನೋ ಎಂಬುದರ ಮೇಲೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಆ ಶಕ್ತಿ ಎಷ್ಟನೇ ಗಂಟೆಯಲ್ಲಿ ಬಂತು ಎಂಬುದು. ಬೆಳಿಗ್ಗೆ ತಾಜಾ ಕಾಲಿನಲ್ಲಿ 20 ನಿಮಿಷ ಅಷ್ಟು ತುಳಿಯುವವರು ಬಹಳ ಮಂದಿ ಇದ್ದಾರೆ. 4,000 ಕಿಲೋಜೂಲ್ ಖರ್ಚಾದ ಮೇಲೆ, ಗಂಟೆಗೆ 90ರಿಂದ 120 ಗ್ರಾಂ ಕಾರ್ಬೋಹೈಡ್ರೇಟ್ ಕುಡಿದು ತಿಂದು ಅರಗಿಸಿಕೊಂಡು, ಅದರ ಹತ್ತಿರಕ್ಕಾದರೂ ತುಳಿಯುವವರು ಬೆರಳೆಣಿಕೆ. ಹೊಟ್ಟೆ ಕೈಕೊಟ್ಟರೆ ಕಾಲು ಇದ್ದೂ ಇಲ್ಲ. ಕಿಗಾಲಿಯ 2025ರ ವಿಶ್ವ ಚಾಂಪಿಯನ್‌ಷಿಪ್ ಇದಕ್ಕೆ ಒಳ್ಳೆಯ ಉದಾಹರಣೆ: 100 ಕಿ.ಮೀ.ಗೂ ಹೆಚ್ಚು ಬಾಕಿ ಇರುವಾಗ ಪೊಗಾಚರ್ ಹೊರಟರೆ ಡೆಲ್ ಟೊರೊ ಜೊತೆಗೆ ಹೋದರು, ಆದರೆ ಕೊನೆಯವರೆಗೆ ಉಳಿಯಲಾಗಲಿಲ್ಲ. ಜೊತೆಗೆ ಹೋದದ್ದೂ ಮುಖ್ಯ, ಉಳಿಯದೇ ಹೋದದ್ದೂ ಮುಖ್ಯ. ಎರಡನ್ನೂ ಬರೆಯಿರಿ.

ನೀವು ಮುಟ್ಟದೇ ಬಿಟ್ಟಿರುವುದು ತಂಡದ ಒಳಗಿನ ಜಾಗ. ಟೂರ್, ಜಿರೊ, ವುವೆಲ್ಟಾ ಎಂಬ ಮೂರು ಗ್ರ್ಯಾಂಡ್ ಟೂರ್‌ಗಳಿಗೆ ಒಂದು ತಂಡದಿಂದ ಎಂಟೇ ಜನ, ಅದರಲ್ಲಿ ನಾಯಕ ಸಾಮಾನ್ಯವಾಗಿ ಒಬ್ಬ. 2025ರ ಕೊನೆಗೆ ಇದ್ದಂತೆ ಪೊಗಾಚರ್ ಒಪ್ಪಂದ 2030ರವರೆಗೆ, ಡೆಲ್ ಟೊರೊ ಒಪ್ಪಂದ 2029ರವರೆಗೆ. ಪೊಗಾಚರ್ ಚೆನ್ನಾಗಿರುವಷ್ಟು ಕಾಲ ಟೂರ್ ನಡೆಯುವ ಜುಲೈ ತಿಂಗಳು ಅವರದ್ದೇ. ಹಾಗಾದರೆ ‘ಟೂರ್ ಯಾವಾಗ ಗೆಲ್ಲುತ್ತಾರೆ’ ಎಂಬ ನಿಮ್ಮ ಪ್ರಶ್ನೆಯೇ ಈ ತಂಡದಲ್ಲಿ ಹೊಂದುವುದಿಲ್ಲ. ಜಿರೊ, ವುವೆಲ್ಟಾಗಳಲ್ಲಿ ನಾಯಕತ್ವ ಯಾರಿಗೆ ಎಂಬುದು ನಿಜವಾದ ಪ್ರಶ್ನೆ. 2025ರ ಜಿರೊಗೆ ತಂಡ ಹೊರಟಾಗ ಮುಖ್ಯ ನಾಯಕ ಅಯೂಸೊ. ಸಿಯೆನಾದ ಬಿಳಿ ಮಣ್ಣಿನ ದಾರಿಯಲ್ಲಿ 9ನೇ ಹಂತದಂದು ಡೆಲ್ ಟೊರೊ ಮುಂದಿನ ಗುಂಪಿನಲ್ಲಿದ್ದು ಜರ್ಸಿ ಹಾಕಿಕೊಂಡ ಮೇಲೆ ಲೆಕ್ಕ ಬದಲಾಯಿತು, ವರ್ಷದ ಕೊನೆಗೆ ಅಯೂಸೊ ಒಪ್ಪಂದ ಮುಗಿಯುವ ಮೊದಲೇ ಲಿಡ್ಲ್–ಟ್ರೆಕ್‌ಗೆ ಹೋದರು. ಒಬ್ಬರು ಜಾಗ ಬಿಟ್ಟರೆ ಇನ್ನೊಬ್ಬರ ಭವಿಷ್ಯ ತೆರೆಯುತ್ತದೆ. ಯಾವ ವಾಟ್ ಅಂಕಿಯಲ್ಲೂ ಇದು ಕಾಣುವುದಿಲ್ಲ. ಉದ್ದ ಒಪ್ಪಂದ ಭದ್ರತೆಯೂ ಹೌದು, ಕಟ್ಟಿಹಾಕುವ ಹಗ್ಗವೂ ಹೌದು ಎಂಬುದನ್ನು ಅಯೂಸೊ ಉದಾಹರಣೆಯಿಂದಲೇ ತೋರಿಸಬಹುದು.

ಒಂದು ಅಪಘಾತ ಇಡೀ ಭವಿಷ್ಯವನ್ನೇ ಬದಲಿಸಬಹುದು ಎಂಬ ಬಗ್ಗೆಯೂ ಒಂದು ಸಾಲು ಇರಲಿ. ಬೆರ್ನಾಲ್ 22ಕ್ಕೆ ಟೂರ್, 24ಕ್ಕೆ ಜಿರೊ ಗೆದ್ದಿದ್ದರು. 2022ರ ಜನವರಿಯಲ್ಲಿ ಬೊಗೊಟಾ ಬಳಿ ಟೈಮ್ ಟ್ರಯಲ್ ಸೈಕಲ್ಲಿನಲ್ಲಿ ಅಭ್ಯಾಸ ಮಾಡುವಾಗ ನಿಂತ ಬಸ್ಸಿಗೆ ಡಿಕ್ಕಿಯಾಯಿತು. ಆ ಸೈಕಲ್ಲಿನಲ್ಲಿ ತಲೆ ತಗ್ಗಿಸಿ, ಮೊಣಕೈ ಊರಿ ಕೂರಬೇಕು. ಕಣ್ಣು ನೆಲದ ಮೇಲೆ, ಬ್ರೇಕು ಕೈಗೆ ದೂರ.

ಪದಗಳ ವಿಚಾರ. ಡೊಮೆಸ್ಟಿಕ್ ಎಂಬುದಕ್ಕೆ ‘ಗೃಹಕೃತ್ಯದ ಸವಾರ’ ಎಂದು ಬರೆದಿದ್ದೀರಿ, ಅದು ಯಾರಿಗೂ ಅರ್ಥವಾಗುವುದಿಲ್ಲ. ಡೊಮೆಸ್ಟಿಕ್ ಎಂದೇ ಬರೆದು, ಕಾರಿನಿಂದ ನೀರಿನ ಬಾಟಲಿ ತಂದುಕೊಡುವ, ನಾಯಕನ ಟೈರು ಪಂಕ್ಚರ್ ಆದರೆ ತನ್ನ ಚಕ್ರ ಬಿಚ್ಚಿಕೊಡುವ ಸವಾರ ಎಂದು ಒಮ್ಮೆ ಹೇಳಿದರೆ ಸಾಕು. ‘ಅವರೋಹಣ’ ತೆಗೆದು ಇಳಿಜಾರು ಎನ್ನಿ.

ಕೊನೆಯಲ್ಲಿ, ನಿಮ್ಮ ಲೇಖನದಲ್ಲಿ ನಮಗೆ ಬಹಳ ಹಿಡಿಸಿದ ಜಾಗ. ಎನ್ಸೆನಾಡಾ ಎಂಬ ಕಡಲ ತೀರದ ಊರಿನ ಹುಡುಗ ಯುರೋಪಿಗೆ ಹೇಗೆ ತಲುಪಿದ ಎಂಬ ಮೂರು ಸಾಲು. ಸಾನ್ ಮರಿನೊದಲ್ಲಿ ನೆಲೆಯೂರಿದ ಮೊನೆಕ್ಸ್ ಎಂಬ ಮೆಕ್ಸಿಕನ್ ತಂಡ ಎಳೆಯರನ್ನು ಅಲ್ಲೇ ಇರಿಸಿ ಇಟಲಿಯ ಓಟಗಳಲ್ಲಿ ಓಡಿಸಿತು ಎಂದು ಬರೆದಿದ್ದೀರಿ. ಇದನ್ನು ಎರಡು ಪ್ಯಾರಾ ಮಾಡಿ. ಕಾಲಿನ ಶಕ್ತಿ ಮನೆಯಂಗಳದ ರಸ್ತೆಯಲ್ಲೂ ಬರುತ್ತದೆ, ಆದರೆ 150 ಜನರ ಗುಂಪಿನಲ್ಲಿ, ಕಿರಿದಾದ ದಾರಿಯಲ್ಲಿ, ಭುಜಕ್ಕೆ ಭುಜ ತಾಗಿಸಿಕೊಂಡು ಜಾಗ ಹಿಡಿಯುವುದನ್ನು ಅಂಥ ಗುಂಪಿನ ಒಳಗೇ ಕಲಿಯಬೇಕು. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ತುಳಿಯುವ ಮಕ್ಕಳೂ ಅವರ ತರಬೇತುದಾರರೂ ನಮ್ಮನ್ನು ಓದುತ್ತಾರೆ. ಅವರಿಗೆ ಪೊಗಾಚರ್ ಹೋಲಿಕೆಗಿಂತ ಈ ಎರಡು ಪ್ಯಾರಾ ಹೆಚ್ಚು ಬೇಕು.

ಶೀರ್ಷಿಕೆಯಿಂದ ಪೊಗಾಚರ್ ಹೆಸರು ತೆಗೆಯಿರಿ. 1,200 ಪದ ಮೀರದಿರಲಿ. 16 ಮತ್ತು 20ನೇ ಹಂತಗಳ ನಿರ್ಣಾಯಕ ಏರುಗಳನ್ನು ಇನ್ನೊಮ್ಮೆ ಪೂರ್ತಿ ನೋಡಿ, ಯಾರು ಎಷ್ಟು ಹೊತ್ತು ಮುಂದೆ ನಿಂತು ಎಳೆದರು ಎಂದು ಗಡಿಯಾರ ಹಿಡಿದು ಬರೆದುಕೊಂಡ ಮೇಲೆ ಮತ್ತೆ ಬರೆಯಲು ಕೂತುಕೊಳ್ಳಿ. ಅವಸರವಿಲ್ಲ, ಒಂದು ತಿಂಗಳಲ್ಲಿ ಬಂದರೂ ಸರಿ.

ವಿಶ್ವಾಸದಿಂದ,
ಸಂಪಾದಕರು